ಗೋಡೆಗಳು ನೇರವಾಗಿಲ್ಲ

ಮಾರ್ಚ್ 4, ಸೋಮವಾರ

ಹಳೆಯ ಡೈರಿ ಮುಗಿಯಿತು. ಹೊಸದನ್ನು ತಂಗಿ ತಂದುಕೊಟ್ಟಳು. ಅಗ್ಗದ ಮಾಲು ಅಂತ ಮೊದಲ ಪುಟದಲ್ಲೇ ಗೊತ್ತಾಗುತ್ತದೆ. ಗೆರೆಗಳು ನಡುವೆ ಒಂಚೂರು ಜಗ್ಗಿವೆ, ಒದ್ದೆ ಬಟ್ಟೆ ಹಾಕಿದ ತಂತಿಯ ಹಾಗೆ. ತೋರಿಸಿದರೆ, "ಬರೆಯೋಕೆ ಗೆರೆ ನೆಟ್ಟಗಿರ್ಬೇಕಾ ಅಕ್ಕ? ಬುದ್ಧಿ ನೆಟ್ಟಗಿದ್ರೆ ಸಾಲ್ದಾ?" ಅಂದಳು. ಗಂಡ ತೀರಿಕೊಂಡ ಮೇಲೆ ನನ್ನ ಜೊತೆಗೇ ಇದ್ದಾಳೆ. ಮಂಡಿ ನೋವು ಬಂದಿದೆ, ಕೂದಲು ನೆರೆತಿದೆ, ನಾಲಿಗೆ ಮಾತ್ರ ಹದಿನಾರು ದಾಟಿಲ್ಲ.

ಇವತ್ತು ಪದರಪ್ಪ ಮೇಲೆ ಬಂದಿದ್ದರು. ಕೆಳಗಿನ ಮಹಡಿಯ ಲೇಪನ ಘಟಕ ಅವರದು. ಗಾಳಿ ತೆಗೆದ ಡಬ್ಬಿಯೊಳಗೆ ಲೋಹವನ್ನು ಸಿಡಿಸಿ, ಕೂದಲಿಗಿಂತ ಸಾವಿರ ಪಾಲು ತೆಳ್ಳಗಿನ ಪದರ ಬಳಿಯುವುದು ಅವರ ಕಸುಬು. ಆ ಪದರದೊಳಗೆ ಕಾಂತಶಕ್ತಿ ಒಂದೊಂದು ದಿಕ್ಕಿಗೆ ತಿರುಗಿರುವ ವಲಯಗಳನ್ನು, ವಲಯಕ್ಕೂ ವಲಯಕ್ಕೂ ನಡುವಿನ ಗೋಡೆಗಳನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡುವುದು ನನ್ನದು. ಅವರಿಗೆ ಪದರಪ್ಪ ಅಂತ ಹೆಸರಿಟ್ಟವಳು ನಾನು. ಸೇಡು ತೀರಿಸಿಕೊಳ್ಳಲು ಅವರು ನನಗೆ ಗೋಡೆಯಮ್ಮ ಅಂತ ಇಟ್ಟರು. ಎರಡೂ ಇಡೀ ಸಂಸ್ಥೆಗೆ ಹಬ್ಬಿ, ನಮ್ಮ ಸ್ವಂತ ಹೆಸರುಗಳು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿವೆ.

ಮುಖ ಸಪ್ಪಗಿತ್ತು. ಕಾಂತದ ಸೆನ್ಸರುಗಳನ್ನು ತಯಾರಿಸುವ ಕಂಪನಿಯೊಂದು ಅವರ ನಿಕ್ಕಲ್-ಕಬ್ಬಿಣದ ಪದರ ಕೇಳಿದೆಯಂತೆ. ಏಪ್ರಿಲ್ 5ಕ್ಕೆ ನನ್ನ ವರದಿ ಹೋಗಬೇಕು. ಗೋಡೆಗಳು ನೇರವಾಗಿರಬೇಕು, ಕಾಂತಬಲದಿಂದ ತಳ್ಳಿದರೆ ಎಲ್ಲೂ ತಡೆಯದೆ ಸರಿಯಬೇಕು. ಹಾಗಿದ್ದರೆ ಘಟಕ ಉಳಿಯುತ್ತದೆ. ಇಲ್ಲದಿದ್ದರೆ ಯಂತ್ರ ಬಿಚ್ಚಿ ಮಾರುತ್ತಾರೆ, ಅವರನ್ನು ಉಗ್ರಾಣದ ಮೇಜಿಗೆ ಕೂರಿಸುತ್ತಾರೆ. ನಿರ್ದೇಶಕರು ಅವರ ಎದುರಿಗೇ, "ಮೇಡಂ ನೋಡಿ ಹೇಳ್ಬಿಟ್ರೆ ಮುಗೀತು, ಆಮೇಲೆ ಬೇರೆ ಮಾತಿಲ್ಲ" ಅಂದರಂತೆ.

ನಿಜ. ಕಾಣದೇ ಇದ್ದದ್ದನ್ನು ಕಂಡೆ ಅಂತ ನಾನು ಇವತ್ತಿನವರೆಗೂ ಬರೆದಿಲ್ಲ. ಬೇರೆಯವರ ಬಾಯಿಮಾತನ್ನು ನಂಬಿಯೂ ಬರೆದಿಲ್ಲ. ಸುಸ್ತಾಗಿದೆ, ಮಲಗುತ್ತೇನೆ.

ಮಾರ್ಚ್ 5

ಮುದುಕಿ ಬೆಳಿಗ್ಗೆಯಿಡೀ ರಂಪ ಮಾಡಿದಳು. ನಿರ್ವಾತ ಹಿಡಿಯಲು ಊಟದ ಹೊತ್ತಾಯಿತು. ಮೈಕ್ರೋಸ್ಕೋಪಿಗೆ ಮುದುಕಿ ಅಂದರೆ ಹೊಸಬರಿಗೆ ನಗು. ಅವಳೂ ನಾನೂ ಒಟ್ಟಿಗೇ ಈ ಕೋಣೆಗೆ ಬಂದವರು.

ಕಾಂತದ ಪದರ ನೋಡುವಾಗ ಅವಳ ದೊಡ್ಡ ಲೆನ್ಸು ಆರಿಸಿಬಿಡಬೇಕು. ಅದೇ ಒಂದು ಬಲವಾದ ಅಯಸ್ಕಾಂತ. ಹಚ್ಚಿದರೆ ಗೋಡೆಗಳೆಲ್ಲ ಒರೆಸಿಹೋಗುತ್ತವೆ, ನೋಡಬೇಕಾದದ್ದೇ ಇರುವುದಿಲ್ಲ. ಹಾಗಾಗಿ ಕೆಳಗಿನ ಸಣ್ಣ ಲೆನ್ಸಿನಲ್ಲಿ, ಅದೂ ಫೋಕಸ್ ಬೇಕೆಂದೇ ತಪ್ಪಿಸಿ ನೋಡಬೇಕು. ಸರಿಯಾದ ಫೋಕಸಿನಲ್ಲಿ ಗೋಡೆ ಕಾಣುವುದೇ ಇಲ್ಲ. ಸ್ವಲ್ಪ ಮಸುಕು ಮಾಡಿದರೆ ಹಸಿರು ಪರದೆಯ ಮೇಲೆ ಒಂದು ಕಪ್ಪು ಗೆರೆ, ಒಂದು ಬಿಳಿ ಗೆರೆ, ಮತ್ತೆ ಕಪ್ಪು, ಮತ್ತೆ ಬಿಳಿ. ಮಸುಕಿನಲ್ಲಿ ನೋಡಿಯೇ ನನ್ನ ಆಯುಷ್ಯ ಕಳೆಯಿತು. ಎಡಗಣ್ಣು ಹುಟ್ಟು ಸೋಮಾರಿ, ಲೆಕ್ಕಕ್ಕಿಲ್ಲ. ಎಲ್ಲ ಕೆಲಸವೂ ಬಲಗಣ್ಣಿನದೇ.

ಪದರಪ್ಪನ ಗೋಡೆಗಳು ಎಂದೂ ಸ್ಕೇಲಿಟ್ಟು ಎಳೆದ ಹಾಗಿರುತ್ತಿದ್ದವು. ಇವತ್ತು ಬಾಗಿವೆ. ಅಂಚಿನಲ್ಲಿ ನೇರ, ನಡುವೆ ಡೊಂಕು. ಮಾದರಿ ಸರಿಸಿ ಬೇರೆ ಜಾಗ ನೋಡಿದೆ. ಅಲ್ಲೂ ನಡುವೆಯೇ ಡೊಂಕು. ಎಲ್ಲಿ ಹೋದರೂ ಅದೇ. ಪದರದೊಳಗೆ ಎಲ್ಲೆಲ್ಲೂ ಎಳೆತವಿದೆ ಅಂತ ಅರ್ಥ. ಪಾಪ, ಹೇಗೆ ಹೇಳುವುದು.

ಮಾರ್ಚ್ 8

ಹೇಳಿದೆ. ಪದರಪ್ಪ ಫೋಟೋ ಕೈಗೆ ತೆಗೆದುಕೊಂಡು ಕಿಟಕಿಯ ಹತ್ತಿರ ಹೋದರು, ವಾಪಸ್ ಬಂದರು, ಕನ್ನಡಕ ತೆಗೆದರು, ಹಾಕಿಕೊಂಡರು.

"ಇದ್ರಲ್ಲಿ ಬಾಗಿರೋದು ಯಾವ್ದು?"

"ನಡುವಿಂದು. ಕಾಣ್ತಿಲ್ವಾ?"

"ನಂಗೆ ನೆಟ್ಟಗೇ ಕಾಣ್ತಿದೆಯಲ್ಲ ಗೋಡೆಯಮ್ಮ."

"ನಿಮ್ಮ ಮಗು ನಿಮಗೆ ಚೆಂದ. ಒಂದ್ಸಲ ಕಣ್ಣು ಟೆಸ್ಟ್ ಮಾಡಿಸ್ಕೊಳ್ಳಿ, ನಂಬರ್ ಬದಲಾಗಿರುತ್ತೆ" ಅಂದೆ.

ನಕ್ಕರು. ಹೋಗುವಾಗ ನಗು ಮೆಟ್ಟಿಲ ಹತ್ತಿರವೇ ಉದುರಿತು. ಎರಡನೇ ಪದರ ಬಳಿದು ತರುತ್ತಾರಂತೆ.

ಮಾರ್ಚ್ 10, ಭಾನುವಾರ

ರಜೆಯ ದಿನವೂ ನೆಮ್ಮದಿ ಇಲ್ಲ. ಬಚ್ಚಲಮನೆಗೆ ಟೈಲ್ಸ್ ಹಾಕಿಸಿದ್ದು ಇವತ್ತು ಮುಗಿಯಿತು. ನೋಡಿದರೆ ಕಣ್ಣೆತ್ತರದ ಸಾಲು ಅಲೆ ಅಲೆ. ಟೈಲ್ಸಿನವನನ್ನು ಕರೆದು ಬೈದೆ. ಅವನು ತಲೆ ಕೆರೆದುಕೊಂಡು ಎರಡು ಬಿಲ್ಲೆ ಕಿತ್ತು ಮತ್ತೆ ಕೂರಿಸಿದ. ಈಗಲೂ ಅಲೆಯೇ. ಇನ್ನೆರಡು ಕೀಳಿಸಿದೆ. ಅವನ ಕರಣೆ ನೆಲಕ್ಕೆ ಬಿದ್ದ ಸದ್ದಿನಲ್ಲೇ ಸಿಟ್ಟು ಗೊತ್ತಾಗುತ್ತಿತ್ತು. ಮೂರನೇ ಸಲ ಕೀಳಿಸುವಷ್ಟು ತ್ರಾಣ ನನಗೂ ಇರಲಿಲ್ಲ.

ತಂಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಮೊದ್ಲೇ ಚೆನ್ನಾಗಿತ್ತಲ್ಲೇ ಅಕ್ಕ. ಈಗ್ಲೂ ಚೆನ್ನಾಗಿದೆ. ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ, ನೀನು ಗೋಡೆ ಡೊಂಕು ಅಂತೀಯ."

ಇಬ್ಬರೂ ಸೇರಿ ನನ್ನನ್ನು ಹುಚ್ಚಿಯ ಹಾಗೆ ನೋಡಿದರು. ಈಗಿನ ಕಾಲದಲ್ಲಿ ಯಾರಿಗೂ ನೆಟ್ಟಗೆ ಕೆಲಸ ಮಾಡುವುದು ಬೇಕಿಲ್ಲ, ಮಾಡಿಸುವವರೇ ಕೆಟ್ಟವರು.

ಮಾರ್ಚ್ 13

ಎರಡನೇ ಪದರ. ಅದೂ ಡೊಂಕು. ಮೊದಲಿನದಕ್ಕಿಂತ ಹೆಚ್ಚು.

ಮಾರ್ಚ್ 14

ಪದರಪ್ಪ ಫೋಟೋ ಮೇಲೆ ಸ್ಕೇಲು ಇಟ್ಟು ತಂದಿದ್ದರು. "ನೋಡಿ, ಸಾಸಿವೆಯಷ್ಟೂ ಆಚೀಚೆ ಇಲ್ಲ" ಅಂತ ಮೇಜಿನ ಮೇಲೆ ಚಾಚಿದರು. ನಾನು ನೋಡಲಿಲ್ಲ. ಇಷ್ಟು ವರ್ಷ ನನ್ನ ಕಣ್ಣಿಗೆ ಯಾರೂ ಸ್ಕೇಲು ಹಿಡಿದಿರಲಿಲ್ಲ. ಅದನ್ನೇ ಹೇಳಿದೆ, ಸ್ವಲ್ಪ ಜೋರಾಗಿಯೇ.

"ಕಣ್ಣಿಗಲ್ಲ ಕಣ್ರೀ, ಫೋಟೋಗೆ ಹಿಡಿದಿದ್ದು."

"ಎರಡೂ ಒಂದೇ."

"ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ ಅಂತಾರೆ..." ಅಷ್ಟು ಅಂದವರು ನಾಲಿಗೆ ಕಚ್ಚಿಕೊಂಡರು. ಸ್ಕೇಲು ಅಲ್ಲೇ ಬಿಟ್ಟು ಹೋದರು. ಇಷ್ಟು ವರ್ಷದಲ್ಲಿ ನಾವು ಜಗಳವಾಡಿದ್ದು ಎಷ್ಟೋ ಸಲ, ಆದರೆ ಚಹಾ ಕುಡಿಯದೆ ಅವರು ಎದ್ದು ಹೋದದ್ದು ಇವತ್ತೇ.

ಅವರು ಹೋದ ಮೇಲೆ ಸ್ಕೇಲನ್ನು ಫೋಟೋ ಮೇಲಿಟ್ಟು ನೋಡಿದೆ. ಸ್ಕೇಲೇ ಬಾಗಿತ್ತು. ಪ್ಲಾಸ್ಟಿಕ್ಕು, ಬಿಸಿಲಿಗೆ ಸೊಟ್ಟಗಾಗಿರಬೇಕು. ಕಸದ ಬುಟ್ಟಿಗೆ ಹಾಕಿದೆ.

ಮಾರ್ಚ್ 18

ಊಟದ ಹೊತ್ತಿಗೆ ತಂಗಿ, ತಟ್ಟೆ ನೋಡಿಕೊಂಡೇ, "ಅಮ್ಮಂಗೂ ಹೀಗೇ ಶುರುವಾಗಿತ್ತಲ್ವಾ ಅಕ್ಕ?" ಅಂದಳು.

ಯಾವುದು ಹೀಗೇ ಅಂತ ನಾನು ಕೇಳಲಿಲ್ಲ. ಅಮ್ಮನಿಗೆ ಎಪ್ಪತ್ತು ದಾಟಿತ್ತು, ನನಗಿನ್ನೂ ಐವತ್ತೆಂಟು. ಅಮ್ಮ ಕೊನೆಯ ವರ್ಷಗಳಲ್ಲಿ ಮಾತಾಡುವಾಗ ನಮ್ಮ ಮುಖ ಬಿಟ್ಟು ಕಿವಿಯ ಕಡೆ ನೋಡುತ್ತಿದ್ದಳು. ಬಂದ ನೆಂಟರೆಲ್ಲ ಜಂಬ ಅಂದುಕೊಂಡರು. ನೇರ ನೋಡಿದರೆ ಮುಖದ ಜಾಗದಲ್ಲಿ ಏನೂ ಇರುವುದಿಲ್ಲ, ಪಕ್ಕಕ್ಕೆ ನೋಡಿದರೆ ಒಂದಿಷ್ಟು ಸಿಕ್ಕುತ್ತದೆ ಅಂತ ಅವಳು ಹೇಳಿದ್ದು ನನಗೊಬ್ಬಳಿಗೇ. ತಂಗಿಗೂ ಗೊತ್ತಿದೆ ಅಂತ ಇವತ್ತು ತಿಳಿಯಿತು.

ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಮಾರ್ಚ್ 21

ಪರದೆ ಸುಟ್ಟಿದೆ. ನಟ್ಟನಡುವೆ ಬೂದು ಕಲೆ. ಇಷ್ಟು ವರ್ಷ ಒಂದೇ ಜಾಗಕ್ಕೆ ಕಿರಣ ಬಿದ್ದರೆ ಸುಡದೆ ಏನು ಮಾಡೀತು? ಸದ್ಯ, ಕಾರಣ ಸಿಕ್ಕಿತು ಅನ್ನಿಸಿತು. ಉಗ್ರಾಣದಲ್ಲಿದ್ದ ಹೊಸ ಪರದೆ ತರಿಸಿದೆ. ರಿಪೇರಿಯವನು ಹಳೆಯದನ್ನು ಬಿಚ್ಚಿ ಬೆಳಕಿಗೆ ಹಿಡಿದು, "ಕಲೆ ಎಲ್ಲಿದೆ ಮೇಡಂ?" ಅಂದ. "ಹಾಕಪ್ಪ, ವಾದ ಮಾಡ್ಬೇಡ" ಅಂದೆ.

ಹೊಸದರಲ್ಲೂ ಕಲೆ ಇದೆ. ಉಗ್ರಾಣದ ಮಾಲು, ಇಟ್ಟಲ್ಲೇ ಹಾಳಾಗಿರಬಹುದು.

ಇದನ್ನು ಬರೆದು ಮತ್ತೆ ಓದಿದೆ. ಓದಲು ತಲೆ ವಾಲಿಸಬೇಕಾಯಿತು. ದೀಪ ಸಾಲದು.

ಮಾರ್ಚ್ 26

ವರದಿಯ ಕರಡು ಬರೆದಿಟ್ಟೆ. ಗೋಡೆಗಳು ವಕ್ರ, ಪದರ ಅನರ್ಹ. ಇನ್ನೂ ಕಳಿಸಿಲ್ಲ.

ಸಂಜೆ ಪದರಪ್ಪ ಬಂದರು. ಆ ಜಗಳದ ನಂತರ ಮೊದಲ ಸಲ. ಕೈಯಲ್ಲಿ ಮೂರನೇ ಮಾದರಿ, ಸಣ್ಣ ಡಬ್ಬಿಯಲ್ಲಿ ಹತ್ತಿಯ ಮೇಲೆ. ಕೂತರು. ಕೂದಲು ಬಾಚಿರಲಿಲ್ಲ. ಘಟಕದ ಹುಡುಗರು ಬೇರೆ ಕಡೆ ಕೆಲಸ ಹುಡುಕುತ್ತಿದ್ದಾರಂತೆ, ಇವರೇ ಹುಡುಕಿ ಅಂದರಂತೆ.

"ಇದು ನನ್ನ ಕೈಲಾದಷ್ಟು. ಇದಕ್ಕಿಂತ ಚೆನ್ನಾಗಿ ಬಳಿಯೋದು ನಂಗೆ ಗೊತ್ತಿಲ್ಲ. ಇದೂ ಡೊಂಕು ಅಂದ್ರೆ ಡೊಂಕೇ. ನಾನು ಒಪ್ಕೊತೀನಿ."

"ಸ್ಕೇಲು ಇಟ್ಟು ನೋಡಲ್ವಾ?"

"ಇಲ್ಲ. ಇಷ್ಟು ವರ್ಷ ನೀವು ನೇರ ಅಂದಾಗ ನಾನು ಸ್ಕೇಲು ಇಟ್ಟಿರ್ಲಿಲ್ಲ. ಈಗ ಡೊಂಕು ಅಂದಾಗ ಮಾತ್ರ ಇಡೋದು ನ್ಯಾಯ ಅಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಬೈದವರಿಗೆ ಉತ್ತರ ಕೊಡುವುದು ನನಗೆ ಗೊತ್ತು. ಚಹಾ ಕೊಟ್ಟೆ, ಕುಡಿದರು. ಅವರು ಹೋದ ಮೇಲೆ ಕರಡನ್ನು ಮೇಜಿನ ಖಾನೆಗೆ ಹಾಕಿದೆ. ನಾಳೆ ಎಲ್ಲ ಪರೀಕ್ಷೆ ಮೊದಲಿನಿಂದ ಮಾಡುತ್ತೇನೆ. ಒಬ್ಬರ ಅನ್ನ ಕೀಳುವ ಮೊದಲು ಅಷ್ಟಾದರೂ ಮಾಡಬೇಕು.

ಮಾರ್ಚ್ 27

ಇವತ್ತೇ ಬರೆಯಬೇಕು, ಇಲ್ಲದಿದ್ದರೆ ನಾಳೆ ನಾನೇ ಇದನ್ನು ಇಲ್ಲ ಅಂದುಬಿಡುತ್ತೇನೆ.

ಮೂರನೇ ಪದರ ಹಾಕಿದೆ. ಡೊಂಕು ಇತ್ತು. ಹೊಸಬರಿಗೆ ನಾನು ಮೊದಲ ದಿನ ಕಲಿಸುವ ಪಾಠ ಒಂದಿದೆ. ಪರದೆಯ ಮೇಲೆ ವಿಚಿತ್ರ ಕಂಡರೆ ಮಾದರಿ ತಿರುಗಿಸು. ವಿಚಿತ್ರವೂ ಜೊತೆಗೆ ತಿರುಗಿದರೆ ಅದು ಮಾದರಿಯದು, ತಿರುಗದೆ ನಿಂತರೆ ಮೈಕ್ರೋಸ್ಕೋಪಿನದು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತ ದೊಡ್ಡವರು ಹೇಳಿದ್ದು ಇದನ್ನೇ ಅಂತ ಅವರಿಗೆ ಭಾಷಣ ಬಿಗಿಯುತ್ತೇನೆ. ಪದರಪ್ಪನ ಪದರಗಳಿಗೆ ನಾನೇ ಅದನ್ನು ಮಾಡಿರಲಿಲ್ಲ. ಕಂಡದ್ದು ಕಂಡಿದೆ ಅನ್ನುವ ಧಿಮಾಕು.

ಮಾದರಿಯನ್ನು ಕಾಲು ಸುತ್ತು ತಿರುಗಿಸಿದೆ. ನಿಂತಿದ್ದ ಗೆರೆಗಳು ಅಡ್ಡ ಮಲಗಿದವು. ಡೊಂಕು ಮಾತ್ರ ಅಲ್ಲೇ, ನಡುವೆಯೇ ಇತ್ತು. ಪದರದ ತಪ್ಪಲ್ಲ! ಎದ್ದು ನಿಂತುಬಿಟ್ಟೆ. ಪದರಪ್ಪ ಬಚಾವಾದರು, ತಪ್ಪು ಮುದುಕಿಯದು, ಅವಳ ಯಾವುದೋ ಲೆನ್ಸು ಸೊಟ್ಟಗಾಗಿದೆ ಅಂತ ಖುಷಿಯಾಯಿತು. ಓಡಿಹೋಗಿ ಹೇಳಬೇಕು ಅನ್ನಿಸಿತು. ಆದರೆ ಯಾವ ಲೆನ್ಸು ಅಂತ ತಿಳಿಯದೆ ಹೇಗೆ ಹೇಳುವುದು?

ಪದರ ತೆಗೆದು ಅಳತೆಯ ಜಾಲರಿ ಹಾಕಿದೆ. ಸಣ್ಣ ಸಣ್ಣ ಚೌಕಗಳ ಜಾಲರಿ, ಅದರಲ್ಲಿ ಸುಳ್ಳಿಲ್ಲ. ಲೆನ್ಸಿನ ದೋಷವಾದರೆ ಚಿತ್ರ ಹಿಗ್ಗಿಸಿದಾಗ, ಕುಗ್ಗಿಸಿದಾಗ ಅದೂ ಬದಲಾಗಬೇಕು. ಹಿಗ್ಗಿಸಿದೆ, ಕುಗ್ಗಿಸಿದೆ. ಚೌಕಗಳು ದೊಡ್ಡವಾದವು, ಸಣ್ಣವಾದವು. ಡೊಂಕು ಇದ್ದಷ್ಟೇ ಇತ್ತು. ಕೊನೆಗೆ ಕಿರಣವನ್ನೇ ಆರಿಸಿ, ಕೋಣೆಯ ದೀಪ ಹಾಕಿ, ಖಾಲಿ ಪರದೆಯ ಮೇಲೆ ಕೊರೆದಿರುವ ಗುರುತಿನ ಗೆರೆಯನ್ನು ನೋಡಿದೆ. ಅದೂ ಬಾಗಿತ್ತು. ದೃಷ್ಟಿಯನ್ನು ಸ್ವಲ್ಪ ಎಡಕ್ಕೆ ಸರಿಸಿದೆ. ಡೊಂಕು ಎಡಕ್ಕೆ ಬಂತು. ಬಲಕ್ಕೆ ಸರಿಸಿದೆ. ಬಲಕ್ಕೆ ಬಂತು. ತಲೆಯೆತ್ತಿ ಬಾಗಿಲ ಚೌಕಟ್ಟು ನೋಡಿದೆ. ಅಲ್ಲೂ ಇತ್ತು.

ಪದರದ್ದಲ್ಲ, ಮುದುಕಿಯದಲ್ಲ. ಉಳಿದದ್ದು ನಾನೊಬ್ಬಳೇ.

ಹೆದರಿಕೆಯಾಗುತ್ತಿದೆ. ತುಂಬಾ ಹೆದರಿಕೆಯಾಗುತ್ತಿದೆ.

ಮಾರ್ಚ್ 28

ಕೆಲಸಕ್ಕೆ ಹೋದೆ. ಬಾಗಿಲು ಹಾಕಿಕೊಂಡು ಕೂತೆ. ಯಾರಿಗೂ ಹೇಳಲಿಲ್ಲ.

ಫೋಟೋಗಳಲ್ಲಿ ನೇರ ಇದೆ ಅಂತ ಪದರಪ್ಪ ಅಳೆದೇ ಹೇಳಿದ್ದಾರೆ. ಆ ಮಾತನ್ನೇ ನನ್ನ ಮಾತು ಅಂತ ಬರೆದು ರುಜು ಹಾಕಿದರೆ ಘಟಕ ಉಳಿಯುತ್ತದೆ. ನಿವೃತ್ತಿಗೆ ಎರಡು ವರ್ಷ. ಹೇಗೋ ತಳ್ಳಬಹುದು. ಮುದುಕಿಯ ಗುಂಡಿಗಳೆಲ್ಲ ಬೆರಳಿಗೆ ಗೊತ್ತು, ಯಾರಿಗೂ ಅನುಮಾನ ಬರುವುದಿಲ್ಲ. ಡಾಕ್ಟರ ಹತ್ತಿರ ಹೋದರೆ ಅದಕ್ಕೊಂದು ಹೆಸರು ಬರುತ್ತದೆ. ಹೆಸರು ಬಂದರೆ ಈ ಕೋಣೆಯ ಬೀಗದ ಕೈ ಕೊಡಬೇಕು. ಆಮೇಲೆ ನಾನು ಯಾರು? ಮೂಲೆಯಲ್ಲಿ ಕೂತು ನೆಂಟರ ಕಿವಿ ನೋಡುವವಳು.

ಗೋಡೆ ಸರಿಯುವುದನ್ನು ನೋಡುವುದು ಇನ್ನೂ ಬಾಕಿ ಇದೆ. ಅದಕ್ಕೆ ಕ್ಯಾಮೆರಾ ನಡೆಯುವುದಿಲ್ಲ. ಒಂದು ಚಿತ್ರ ಹಿಡಿಯುವಷ್ಟರಲ್ಲಿ ಗೋಡೆ ಹೋಗಿಯೇ ಬಿಟ್ಟಿರುತ್ತದೆ. ಪರದೆ ಮೇಲೆ ಕಣ್ಣಿಂದಲೇ ನೋಡಬೇಕು. ಅದನ್ನೂ ಕಂಡೆ ಅಂತ ಬರೆಯಲೇ? ಬರೆಯಬಹುದು. ಪೆನ್ನು ಬೇಡ ಅನ್ನುವುದಿಲ್ಲ.

ಮಾರ್ಚ್ 29

ಬೆಳಿಗ್ಗೆ ತಂಗಿ ಹಾಲು ಕಾಯಿಸುತ್ತಿದ್ದಳು. ಹಿಂದೆ ನಿಂತು, "ಬಚ್ಚಲಮನೆ ಟೈಲ್ಸು ನೆಟ್ಟಗಿದೆ ಅಲ್ವೇನೇ?" ಅಂದೆ.

ಅವಳು ತಿರುಗಲಿಲ್ಲ. ಒಲೆ ಆರಿಸಿದಳು. ಚಪ್ಪಲಿ ಮೆಟ್ಟಿಕೊಂಡು ನನ್ನ ಕೈಚೀಲ ತಂದು ಕೈಗೆ ಕೊಟ್ಟಳು. ದಾರಿಯುದ್ದಕ್ಕೂ ಒಂದು ಮಾತು ಆಡಲಿಲ್ಲ. ಹುಟ್ಟಿದಾಗಿನಿಂದ ಅವಳು ಇಷ್ಟು ಹೊತ್ತು ಸುಮ್ಮನಿದ್ದದ್ದು ನಾನು ಕಂಡಿಲ್ಲ, ಅದಕ್ಕೇ ಅಳು ಬಂತು.

ಕಣ್ಣಿನ ಡಾಕ್ಟರು ಚಿಕ್ಕ ವಯಸ್ಸಿನವಳು. ಚೌಕಳಿ ಹಾಳೆ ಕೊಟ್ಟು, ನಡುವಿನ ಚುಕ್ಕಿ ನೋಡಿ, ಎಲ್ಲಿ ಗೆರೆ ಬಾಗಿದೆಯೋ ಅಲ್ಲಿ ಬರೆಯಿರಿ ಅಂದಳು. ಬರೆದೆ. ಡೊಂಕಿನ ಅಂಚು, ಬೂದು ಕಲೆ, ಕಲೆಯೊಳಗಿನ ಸಣ್ಣ ಮಿಣುಕು, ಎಲ್ಲ. ಮಾದರಿ ನೋಡಿ ಚಿತ್ರ ಬರೆಯುತ್ತಿದ್ದ ಹಳೆಯ ಕಾಲದ ಕೈ ಇದು. ಅವಳು ಹಾಳೆಯನ್ನು ತುಂಬ ಹೊತ್ತು ನೋಡಿದಳು.

"ಯಾವಾಗಿಂದ ಹೀಗಿದೆ ಅಮ್ಮ?"

"ಒಂದು ತಿಂಗಳಿಂದ ಇರ್ಬಹುದು."

"ಆಗ್ಲೇ ಬರ್ಬೇಕಿತ್ತಲ್ಲ."

"ಈಗ ಬಂದಿದ್ದಾಳಲ್ಲಮ್ಮ" ಅಂದಳು ತಂಗಿ, ನನ್ನ ಪರವಾಗಿ. ಬಾಯಿ ಬಂತು, ಸದ್ಯ.

ಕಣ್ಣಿನ ಹಿಂದಿನ ಪರದೆಯ ಅಡಿಯಲ್ಲಿ ಬೇಡದ ರಕ್ತನಾಳ ಬೆಳೆದು, ಸೋರಿ, ಪರದೆ ಉಬ್ಬಿದೆಯಂತೆ. ಕಣ್ಣಿಗೇ ಸೂಜಿ ಚುಚ್ಚಬೇಕು. ತಿಂಗಳಿಗೊಂದರ ಹಾಗೆ ಕೆಲವು ತಿಂಗಳು. "ಇರೋದನ್ನ ಉಳಿಸ್ಕೊಳ್ಳೋಕೆ ನೋಡೋಣ. ಹೋಗಿರೋದು ಎಷ್ಟು ವಾಪಸ್ ಬರುತ್ತೋ ಈಗ್ಲೇ ಹೇಳಕ್ಕಾಗಲ್ಲ." ಅಮ್ಮನ ಕಾಲದಲ್ಲಿ ಈ ಸೂಜಿ ಇರಲಿಲ್ಲ. ಒಂದು ತಿಂಗಳು ನಾನು ಟೈಲ್ಸಿನವನಿಗೆ, ಪದರಪ್ಪನಿಗೆ, ಸ್ಕೇಲಿಗೆ ಬೈದುಕೊಂಡು ಕಳೆದೆ. ಅಷ್ಟರಲ್ಲಿ ಎಷ್ಟು ಹೋಯಿತೋ.

ಏಪ್ರಿಲ್ 1

ಸೂಜಿ ಆಯಿತು. ಅಂದುಕೊಂಡಷ್ಟು ನೋವಿಲ್ಲ. ಕಣ್ಣು ಕೆಂಪು. ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಹೊತ್ತು ಹೊತ್ತಿಗೆ ತಂಗಿ ಕಣ್ಣಿಗೆ ಹನಿ ಹಾಕುತ್ತಾಳೆ. "ಆಕಾಶ ನೋಡೇ, ನನ್ನ ಮೂಗೇನು ನೋಡ್ತೀಯ" ಅಂತ ಗದರುತ್ತಾಳೆ. ನೋಡುತ್ತೇನೆ.

ಏಪ್ರಿಲ್ 4

ನಾಳೆ ವರದಿ.

ಪದರಪ್ಪನಿಗೆ ಬರಹೇಳಿದ್ದೆ. ಬಂದರು. ಕೂರಲು ಹೇಳಿ, ಬಾಗಿಲು ಹಾಕಿ, ಎಲ್ಲ ಹೇಳಿದೆ. ಡೊಂಕು ನಿಮ್ಮ ಪದರದ್ದಲ್ಲ, ನನ್ನ ಕಣ್ಣಿನದು, ಮೂರೂ ಪದರ ನೇರವಿರಬೇಕು ಅಂತ. ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಅವರಿಗೆ ಸಿಟ್ಟು ಬಂತು.

"ಮೊದ್ಲೇ ಹೇಳೋಕೆ ಏನು ಧಾಡಿ ನಿಮಗೆ? ನನ್ನ ಯಂತ್ರ ಹೋದ್ರೆ ಇನ್ನೊಂದು ಸಿಗುತ್ತೆ. ಕಣ್ಣು ಎಲ್ಲಿಂದ ತರ್ತೀರ?"

"ನಂಗೇ ಗೊತ್ತಿರ್ಲಿಲ್ಲ."

"ಗೊತ್ತಿತ್ತು. ಸುಮ್ನಿರಿ."

ಚಹಾ ಅವರೇ ಮಾಡಿದರು. ಸಕ್ಕರೆ ಎರಡು ಪಾಲು ಬಿತ್ತು.

ಆಮೇಲೆ ಕೆಲಸಕ್ಕೆ ಬಂದೆವು. ಗೋಡೆಗಳು ಸರಿಯುವುದನ್ನು ಯಾರಾದರೂ ನೋಡಲೇಬೇಕು. ಇನ್ನೊಬ್ಬ ಆಪರೇಟರ್ ಬೇಕು ಅಂತ ನಾನು ಕೇಳಿ ಕೇಳಿ ಸಾಕಾಗಿದೆ, ಕೊಟ್ಟಿಲ್ಲ. ಕಲಿಯಲು ಬರುವ ಹೊಸಬರು ಕೆಲವೇ ದಿನದಲ್ಲಿ ಹೊರಟುಹೋಗುತ್ತಾರೆ. "ನೀವೇ ಕೂತ್ಕೊಳ್ಳಿ" ಅಂದೆ.

"ನಾನಾ? ಮಾಡಿದೋನೇ ನೋಡ್ಬಾರ್ದು ಅಂತ ನೀವೇ ಅಲ್ವಾ ಹೇಳೋದು?"

"ಹೇಳ್ತೀನಿ. ಇವತ್ತು ಬೇರೆ ದಾರಿ ಇಲ್ಲ. ಕೂತ್ಕೊಳ್ಳಿ."

ಇಷ್ಟು ವರ್ಷ ಪದರ ಬಳಿದವರು ಒಮ್ಮೆಯೂ ಪರದೆಗೆ ಕಣ್ಣಿಟ್ಟಿರಲಿಲ್ಲ, ನನ್ನ ಫೋಟೋಗಳಲ್ಲೇ ನೋಡುತ್ತಿದ್ದರು. ಕುರ್ಚಿ ಎತ್ತರ ಮಾಡಿಕೊಟ್ಟೆ. ದೀಪ ಆರಿಸಿದೆ. ನಾನು ಪಕ್ಕದಲ್ಲಿ ನಿಂತು ಗುಂಡಿ ತಿರುಗಿಸಿದೆ, ಬೆರಳಿಗೆ ಎಲ್ಲ ನೆನಪಿತ್ತು.

"ಏನ್ ಕಾಣ್ತಿದೆ?"

ಪರದೆಗೆ ಇನ್ನೂ ಹತ್ತಿರ ಬಾಗಿದರು.

"ಪದರಪ್ಪ, ಏನ್ ಕಾಣ್ತಿದೆ ಅಂದೆ."

"ಗೆರೆಗಳು. ಕಪ್ಪು, ಬಿಳಿ, ಕಪ್ಪು, ಬಿಳಿ... ಅಯ್ಯೋ, ಎಷ್ಟು ಚೆನ್ನಾಗಿದೆ ಗೋಡೆಯಮ್ಮ. ಫೋಟೋದಲ್ಲಿ ಹೀಗಿರಲ್ಲ. ಜೀವ ಇರೋ ಹಾಗಿದೆ."

"ಜೀವ ಆಮೇಲೆ. ನೇರ ಇದೆಯಾ?"

"ನೇರ. ಎಲ್ಲಾನೂ."

ಗೋಡೆಗಳನ್ನು ತಳ್ಳಲು ಮಾದರಿಯನ್ನು ವಾಲಿಸುತ್ತ, ದೊಡ್ಡ ಲೆನ್ಸನ್ನು ಒಂದೇ ಒಂದು ಎಳೆಯಷ್ಟು ಹಚ್ಚಿದೆ. ಜಾಸ್ತಿಯಾದರೆ ಎಲ್ಲ ಅಳಿಸಿಹೋಗುತ್ತದೆ. ಆ ಗುಂಡಿಯ ಮೇಲೆ ಇಷ್ಟು ಭಯದಿಂದ ಕೈಯಿಟ್ಟದ್ದು ಕೆಲಸಕ್ಕೆ ಸೇರಿದ ವರ್ಷ ಇರಬೇಕು.

"ಸರೀತಿವೆ! ಎಲ್ಲಾ ಒಟ್ಟಿಗೆ, ಬಲಗಡೆಗೆ. ನುಣ್ಣಗೆ ಹೋಗ್ತಿವೆ... ಹೋಗ್ತಿವೆ..." ಅವರ ದನಿ ನಿಂತಿತು.

"ಏನಾಯ್ತು?"

ಅವರ ಉಸಿರು ಕೇಳುತ್ತಿತ್ತು. ಅವರಿಗೇನು ಕಾಣುತ್ತಿದೆ ಅಂತ ತಿಳಿಯುವ ಯಾವ ದಾರಿಯೂ ನನಗಿರಲಿಲ್ಲ. ಏನಿಲ್ಲ ಅಂದಿದ್ದರೆ ಏನಿಲ್ಲ ಅಂತಲೇ ಬರೆಯುತ್ತಿದ್ದೆ.

"ಒಂದು ಗೋಡೆ ಬರ್ತಿಲ್ಲ" ಅಂದರು. "ಮೇಲ್ಗಡೆ ಮೂಲೇಲಿ ಅಂಟ್ಕೊಂಡ್ಬಿಟ್ಟಿದೆ. ಬೇರೆಯವೆಲ್ಲ ಹೋದ್ವು, ಇದೊಂದು ಬಿಡ್ತಿಲ್ಲ. ಅಲ್ಲೊಂದು ಚುಕ್ಕಿ ಇದೆ. ಧೂಳು ಸೇರಿರ್ಬೇಕು, ನಾನು ಬಳಿಯುವಾಗ."

"ಇನ್ನೊಂದ್ಸಲ ತಳ್ತೀನಿ. ಸರಿಯಾಗಿ ನೋಡಿ."

ಮತ್ತೆ ತಳ್ಳಿದೆ.

"ಇಲ್ಲ. ಅಂಟ್ಕೊಂಡೇ ಇದೆ. ಬರ್ಕೊಳ್ಳಿ."

ದೀಪ ಹಾಕಿದೆ. ಅವರ ಮುಖ ನನಗೆ ಸರಿಯಾಗಿ ಕಾಣಲಿಲ್ಲ. ಕಾಣದಿದ್ದರೂ ಬರೆದೆ. ಗೋಡೆಗಳು ನೇರ. ಸರಾಗವಾಗಿ ಸರಿಯುತ್ತವೆ. ಒಂದು ಗೋಡೆ ಚುಕ್ಕಿಗೆ ಅಂಟಿಕೊಂಡಿದೆ.

ಏಪ್ರಿಲ್ 5, ಶುಕ್ರವಾರ

ನಿರ್ದೇಶಕರ ಕೋಣೆಗೆ ಇಬ್ಬರೂ ಹೋದೆವು. ಅವರು ವರದಿ ಓದಿ, "ಮೇಡಂ ನೋಡಿದ್ದಾರಲ್ಲ, ಸಾಕು. ಈ ಅಂಟ್ಕೊಂಡಿರೋ ಗೋಡೆ ವಿಷಯ ಮಾತ್ರ ಬೇಕಾ? ಒಂದೇ ತಾನೇ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು.

"ನಾನು ನೋಡ್ಲಿಲ್ಲ ಸರ್" ಅಂದೆ. "ನಂಗೆ ಕಾಣ್ಸಲ್ಲ. ಬಲಗಣ್ಣು ಹೋಗ್ತಾ ಇದೆ. ನೋಡಿದ್ದು ಇವರು."

ಎಷ್ಟು ಸಲ ಮನಸ್ಸಿನಲ್ಲಿ ಹೇಳಿ ನೋಡಿಕೊಂಡಿದ್ದೆ.

ಅವರು ನನ್ನನ್ನೂ ಪದರಪ್ಪನನ್ನೂ ನೋಡಿದರು. "ಇವರೇ ಬಳಿದು, ಇವರೇ ನೋಡಿ, ಇವರೇ ಪಾಸ್ ಮಾಡಿದ್ರೆ ಕಂಪನಿಯವರು ಒಪ್ತಾರಾ?"

"ಆ ಗೋಡೆ ಕಂಡು ಹೇಳಿದ್ದು ಇವರೇ ಸರ್. ಮುಚ್ಚಿಟ್ಟಿದ್ರೆ ನಂಗೆ ಗೊತ್ತಾಗ್ತಾನೇ ಇರ್ಲಿಲ್ಲ."

ಪದರಪ್ಪ ಕುರ್ಚಿಯಲ್ಲಿ ಮುಂದಕ್ಕೆ ಸರಿದು, "ಆ ಸಾಲು ಇರ್ಲಿ ಸರ್. ತೆಗೀಬೇಡಿ" ಅಂದರು.

ವರದಿ ಹಾಗೇ ಹೋಯಿತು. ಕಂಪನಿಯ ಉತ್ತರ ಬರಲು ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಯಂತ್ರ ಬಿಚ್ಚುವುದಿಲ್ಲ. ಮೈಕ್ರೋಸ್ಕೋಪ್ ಕೋಣೆಯ ಬಗ್ಗೆ ಆಮೇಲೆ ಮಾತಾಡೋಣ, ಮೊದಲು ಕಣ್ಣು ನೋಡಿಕೊಳ್ಳಿ ಅಂದರು ನಿರ್ದೇಶಕರು. ಆಮೇಲೆ ಅಂದರೆ ಏನಂತ ನನಗೆ ಗೊತ್ತು.

ಹೊರಗೆ ಬಂದು ಮೆಟ್ಟಿಲ ಹತ್ತಿರ ನಿಂತೆವು. ಪದರಪ್ಪ ನನ್ನ ಕೈಚೀಲ ತಾವೇ ಹಿಡಿದುಕೊಂಡರು, ಬೇಡ ಅಂದರೂ.

"ಧೂಳು ಬರದ ಹಾಗೆ ಇನ್ನೊಂದು ಬಳೀತೀನಿ. ಮಂಗಳವಾರ ತರ್ಲಾ?"

"ತನ್ನಿ."

"ಯಾರು ನೋಡೋದು?"

"ನೀವೇ ನೋಡಿ" ಅಂದೆ. "ನಾನು ಕೇಳಿಸ್ಕೊತೀನಿ."